ಉರ್ದುವಿನ ಪಾರಾ

ಕಾನ್ವೆಂಟಿನಲ್ಲಿ ನನಗೆ ಪ್ರೈಜ್ ಬಂದಿದ್ದ ಜನರಲ್ ನಾಲೆಡ್ಜ್ ಪುಸ್ತಕದಲ್ಲಿ ಮರ್ಕ್ಯುರಿಗೆ ಎರಡೇ ಸಾಲು ಇತ್ತು: ನೀರಿನಂತೆ ಹರಿಯುವ ಲೋಹ, ವಿಷ. ಎರಡೂ ಬೈಹಾರ್ಟ್. ಆ ಜಂಬದಲ್ಲೇ, ಐದು ದಿನದಿಂದ ಜ್ವರದಲ್ಲಿ ಮಲಗಿದ್ದ ತಂಗಿಯ ಬಾಯಿಗೆ ನಾನು ಥರ್ಮಾಮೀಟರ್ ಇಟ್ಟೆ. ಸ್ಪುಟ್ನಿಕ್ ಹಾರಿದ ಮರುವರ್ಷ ಅದು. ನನಗೆ ಹನ್ನೊಂದು, ಅವಳಿಗೆ ನಾಲ್ಕು. ನಾಲಿಗೆ ಕೆಳಗೆ ಇಟ್ಟುಕೋ ಅಂದರೆ ಕಟಕ್ಕನೆ ಕಚ್ಚಿದಳು.

ಅಜ್ಜಿ ಬಾಯಿಗೆ ಬೆರಳು ಹಾಕಿ ಗಾಜು ತೆಗೆದರು. ಜೋಡಿಸಿ ನೋಡಿದೆವು, ಚೂರೆಲ್ಲ ಸಿಕ್ಕಿತ್ತು. ಒಳಗಿದ್ದ ಬೆಳ್ಳಿ ಹನಿ ಮಾತ್ರ ಇಲ್ಲ. ಪಾಯ್ಸನ್ ಅಜ್ಜಿ, ಪಾಯ್ಸನ್ ಅಂದೆ. ಅಜ್ಜಿಗೆ ಆ ಮಾತು ತಿಳಿಯದಿದ್ದರೂ ನನ್ನ ಮುಖ ತಿಳಿಯಿತು.

ಹರಿಹರದ ನಮ್ಮ ಡಾಕ್ಟರು ಅವತ್ತು ಮಲೆಬೆನ್ನೂರಿಗೆ ಹೋಗಿದ್ದರು, ಬರುವುದು ಸಂಜೆಗೇ. ಅಮ್ಮ ಹೆರಿಗೆಗೆಂದು ತವರಿನಲ್ಲಿ. ಅಪ್ಪ ದಾವಣಗೆರೆಯ ಮಿಲ್ಲಿನಲ್ಲಿ ಕ್ಲರ್ಕು. ಪಕ್ಕದ ಮನೆಯ ಚಾಚಾ, ಒಡವೆಗೆ ಚಿನ್ನದ ಲೇಪ ಕೊಡುವ ಮುಲಾಮಿನ ಕೆಲಸದವರು, ತಾವೇ ಹೋಗಿ ಅಪ್ಪನನ್ನು ಕರೆತರುತ್ತೇನೆಂದು ಎದ್ದರು. ಅವರ ಕಸುಬಿಗೂ ಅದೇ ಪಾದರಸ ಬೇಕು. ಅವರ ಉರ್ದುವಿನಲ್ಲಿ ಅದು ಪಾರಾ.

"ಅಳಬ್ಯಾಡ ಬೇಟಿ. ಮೂವತ್ತು ವರ್ಷದಿಂದ ಪಾರಾ ಕಾಯಿಸ್ತಾ ಇದೀನಿ, ನಂಗೇನಾಗೈತೆ?" ಅಂದರು. ಹಾಗನ್ನುತ್ತಲೇ ಅಂಗಿಯ ಗುಂಡಿ ಹಾಕಲು ಹೋದರು. ಬೆರಳು ನಡುಗಿ ಗುಂಡಿ ಕೂಡಲಿಲ್ಲ, ನಾನೇ ಹಾಕಿಕೊಟ್ಟೆ. ಆಮೇಲೆ ನನ್ನ ಹೆದರಿಕೆ ದುಪ್ಪಟ್ಟಾಯಿತು. ತಂಗಿಯ ಕೈಬೆರಳುಗಳನ್ನು ಹಿಡಿದು, ನಡುಗುತ್ತವೆಯೇ ಅಂತ ನೋಡುತ್ತಾ ಕೂತೆ. ನಿದ್ದೆ ಹೋದರೆ ಎಬ್ಬಿಸುತ್ತಿದ್ದೆ. ಅಜ್ಜಿ ಬೈದರು.

ನಾಲ್ಕೂವರೆಗೆ ಚಾಚಾ ಒಬ್ಬರೇ ಬಂದರು. ಮಿಲ್ಲಿನ ಗೇಟಿನಲ್ಲಿ ವಾಚ್‌ಮನ್ ಒಳಗೆ ಬಿಡದೆ, ಅಪ್ಪನಿಗೆ ಏನು ಹೇಳಬೇಕು ಅಂತ ಕೇಳಿದನಂತೆ. ಮಗೂದು ಪಾರಾ ಅಂತ ಹೇಳ್ರಿ ಸಾಕು, ಓಡಿ ಬರ್ತಾರೆ ಅಂದರಂತೆ ಇವರು. ಅವನು ಹೋಗಿ ಬಂದು, ಅವರಿಗೆ ಬಾಳ ಖುಷಿಯಾತು, ಡ್ಯೂಟಿ ಮುಗಿಸಿ ಬರ್ತಾರಂತೆ ಅಂದನಂತೆ.

"ಖುಷಿ ಯಾಕ ಆಯ್ತು ಅಂತೀನಿ," ಅಂದರು ಚಾಚಾ.

ನನಗೆ ಹೊಳೆಯಿತು. ಜ್ವರದ ಕಂಟಕದಿಂದ ಮಗು ಪಾರಾಯಿತು ಅಂತ ಅಪ್ಪ ತಿಳಿದಿದ್ದಾರೆ. ಹೇಳಿದಾಗ ಚಾಚಾ ತಲೆಮೇಲೆ ಕೈ ಹೊತ್ತರು. ಕೂರಲೂ ಇಲ್ಲ, ಡಾಕ್ಟರು ಬಂದ ತಕ್ಷಣ ಹಿಡಿದು ತರುತ್ತೇನೆಂದು ಅವರ ಮನೆಯ ಮುಂದೆ ಹೋಗಿ ನಿಂತರು.

ಅಪ್ಪ ಮೂಸಂಬಿ ಹಿಡಿದು ನಗುತ್ತಾ ಬಂದರು. ಎಲ್ಲಿ ನಮ್ಮ ಗಟ್ಟಿಗಿತ್ತಿ ಅಂತ ಬಾಗಿಲಲ್ಲೇ ಕರೆದರು. ಆ ನಗು ಕೆಡಿಸಬೇಕಾದವಳು ನಾನು.

"ಅಪ್ಪಾ, ಅದು ಕನ್ನಡದ ಪಾರಾ ಅಲ್ಲ. ಉರ್ದುದು."

ಎಲ್ಲ ಹೇಳಿದೆ. ಚಪ್ಪಲಿ ಬಿಡದೆ ಅಪ್ಪ ಹೊಸ್ತಿಲ ಮೇಲೆ ಕೂತುಬಿಟ್ಟರು. ಬೈದಿದ್ದರೆ ಎಷ್ಟೋ ರಿಲೀಫ್ ಆಗುತ್ತಿತ್ತು.

ಡಾಕ್ಟರು ಬಂದು ಬಾಯಿ ನೋಡಿದರು, ಹೊಟ್ಟೆ ಒತ್ತಿದರು. ಈ ಪಾದರಸ ತೂಕದ ವಸ್ತು, ಹೊಟ್ಟೆಗೆ ಹೋದರೆ ಮೈಗೆ ಹತ್ತೋದು ಕಮ್ಮಿ, ಹಂಗೇ ಇಳಿದು ಹೋಗುತ್ತೆ. ಕೆಟ್ಟದ್ದು ಅದರ ಆವಿ, ಕಾಯಿಸಿದ್ದು ಉಸಿರಿಗೆ ಹೋಗಬಾರದು ಅಂದರು. ನನ್ನ ಪುಸ್ತಕದಲ್ಲಿ ಇದು ಇರಲಿಲ್ಲ. ಬಾಗಿಲ ಬಳಿ ನಿಂತಿದ್ದ ಚಾಚಾ ಅಲ್ಹಮ್ದುಲಿಲ್ಲಾ ಅಂದರು. ಡಾಕ್ಟರ ಎರಡನೇ ಮಾತು, ಆ ಆವಿಯದ್ದು, ಅವರು ಕೇಳಿಸಿಕೊಂಡರೋ ಇಲ್ಲವೋ, ನಾನು ವಿಚಾರಿಸಲಿಲ್ಲ. ಈಗಲೂ ಅದು ಚುಚ್ಚುತ್ತದೆ.

ಹನಿ ಇಳಿಯಿತೇ ಅಂತ ನೋಡುವ ಕೆಲಸ ನನಗೆ ಬಿತ್ತು. ಎರಡು ದಿನ ಕಡ್ಡಿ ಹಿಡಿದು ಹಿತ್ತಲಲ್ಲಿ ಕೆದಕಿದೆ. ಸಿಗಲಿಲ್ಲ. ಮೂರನೇ ದಿನ ಜ್ವರ ಬಿಟ್ಟು, ಖಾರ ಮಂಡಕ್ಕಿ ಬೇಕೆಂದು ತಂಗಿ ಹಟ ಹಿಡಿದಳು. ಇನ್ನು ಸಾಕು ಬಿಡೇ ಅಂದರು ಅಜ್ಜಿ. ಆದರೂ ಒಂದು ವಾರ, ಅವಳು ಚೊಂಬು ಹಿಡಿದು ಹೊರಟರೆ ಸಾಕು, ನಾನೂ ಕಡ್ಡಿ ಹುಡುಕಿಕೊಂಡು ಹಿಂದೆಯೇ ಹೋಗುತ್ತಿದ್ದೆ.