ಮೊದಲ ಬಾಗಿನದ ಮೊರ

ಗಣೇಶನ ಪೆಂಡಾಲಿಗೆಂದು ಮೊನ್ನೆ ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಬಿದಿರು ಇಳಿಸಿದರು. ಸಂಜೆ ಸಣ್ಣ ಮಳೆ ಬಂತು. ಬಾಗಿಲು ತೆಗೆದರೆ ಹಸಿ ಬಿದಿರು ನೆನೆದ ವಾಸನೆ... ಯಳಂದೂರಿನ ನನ್ನ ತವರಿನ ಎದುರುಮನೆಯ ಜಗಲಿ ಕಣ್ಣ ಮುಂದೆ ಬಂತು. ಅಲ್ಲಿ ಕೂತು ಮೊರ ಹೆಣೆಯುತ್ತಿದ್ದವರನ್ನು ಬೀದಿಯವರೆಲ್ಲ ಮೊರದತ್ತೆ ಅನ್ನುತ್ತಿದ್ದೆವು.

ಬಿದಿರು ಆರಿಸುವುದರಲ್ಲಿ ಅತ್ತೆಯದು ವಿಪರೀತ ಹಟ. ಹೆಣ್ಣು ನೋಡಲು ಬಂದವರ ಹಾಗೆ ಒಂದೊಂದು ಗಳವನ್ನೂ ತಿರುಗಿಸಿ, ಬೆರಳ ಗೆಣ್ಣಿನಿಂದ ತಟ್ಟಿ, ಮೂಸಿ ನೋಡುತ್ತಿದ್ದರು. ಹುಣ್ಣಿಮೆ ಹತ್ತಿರ ಕಡಿದದ್ದಾದರೆ ಗಾಡಿಯಿಂದ ಇಳಿಸಲೂ ಬಿಡುತ್ತಿರಲಿಲ್ಲ. "ಉಳ ಬೀಳ್ತದೆ, ತಕಂಡೋಗು" ಅಂದರೆ ಮುಗಿಯಿತು. ಗೌರಿ ಹಬ್ಬಕ್ಕೆ ನಮ್ಮ ಕಡೆ ತವರಿನಿಂದ ಮಗಳಿಗೆ ಬಾಗಿನ ಹೋಗಬೇಕು, ಬಾಗಿನಕ್ಕೆ ಜೋಡಿ ಬಿದಿರಿನ ಮೊರ ಬೇಕು. ಬೀದಿಯ ಹೆಣ್ಣುಮಕ್ಕಳಿಗೆಲ್ಲ ಅತ್ತೆಯ ಮೊರವೇ ಹೋಗುತ್ತಿತ್ತು. ನನ್ನ ಮೊದಲ ಬಾಗಿನವೂ ಅದರಲ್ಲೇ ಬಂದದ್ದು.

ಅತ್ತೆ ತಮ್ಮ ಒಬ್ಬಳೇ ಮಗಳನ್ನು ಬಂಡಳ್ಳಿಗೆ ಕೊಟ್ಟ ವರ್ಷವೇ ಬೆಟ್ಟದ ಬಿದಿರೆಲ್ಲ ಹೂಬಿಟ್ಟಿತು. ಹೂಬಿಟ್ಟರೆ ಬಿದಿರಿನ ಆಯಸ್ಸು ಮುಗಿದಂತೆಯೇ. ಒಣಗಿದ ಗಳ ಸೀಳಿದರೆ ಚೂರಾಗುತ್ತಿತ್ತು. ಊರಿನವರಿಗೆಲ್ಲ ಮೊರ ಹೆಣೆದ ತಾಯಿಗೆ ತನ್ನ ಮಗಳ ಮೊದಲ ಬಾಗಿನಕ್ಕೇ ಬಿದಿರಿಲ್ಲ.

ಅತ್ತೆ ಸುಮ್ಮನೆ ಕೂರಲಿಲ್ಲ. ಆ ಸಲ ಹಬ್ಬ ಮುಗಿಯುವವರೆಗೆ ನಾನು ತವರಿನಲ್ಲೇ ಇದ್ದೆ, ಎಲ್ಲ ಕಂಡವಳು. ಕಾಡಂಚಿನಿಂದ ಲಂಟಾನ ಪೊದೆಯ ಕಡ್ಡಿ ತರಿಸಿ, ಬೇಯಿಸಿ, ಸಿಪ್ಪೆ ಸುಲಿದು ಹೆಣೆದರು. ಬುಟ್ಟಿಗೇನೋ ಚೆನ್ನಾಗಿತ್ತು. ಮೊರಕ್ಕೆ ಬೇಕಾದ ಚಪ್ಪಟೆ ಸೀಳು ಅದರಿಂದ ಬರಲಿಲ್ಲ, ಸಂದಿಯಲ್ಲಿ ರಾಗಿ ಸೋರುತ್ತಿತ್ತು. ಮೆಂತ್ಯ ರುಬ್ಬಿ, ಹಳೇ ಕಾಗದದ ಜೊತೆ ಕಲಸಿ ಸಂದಿಗೆ ಮೆತ್ತಿದರು. ಒಣಗಿ ಉದುರಿಹೋಯಿತು. ಆಮೇಲೆ ಅಂಗಡಿಯ ರಟ್ಟಿನ ಡಬ್ಬಗಳಿಗೆ ಬಿಗಿದಿರುವ ಹಳದಿ ಪ್ಲಾಸ್ಟಿಕ್ ಪಟ್ಟಿ ತಂದು ಹೆಣೆದರು. ಅಂದವಾದ ಮೊರ, ನಾನೂ ಹೊಗಳಿದೆ. ಅತ್ತೆ ಒಂದು ಹಿಡಿ ರಾಗಿ ಹಾಕಿ ಕೇರಿದರು. ಹೊಟ್ಟು ಹಾರದೆ ಪಟ್ಟಿಗೇ ಅಂಟಿಕೊಂಡಿತು.

"ನೋಡಕ್ ಚೆಂದಾಗದೆ ಕಣವ್ವ. ಒಟ್ಟೇ ಆರ್ನಿಲ್ವಲ್ಲ, ಇದ್ಯಾವ ಮೊರ" ಎಂದು ಅದನ್ನು ಕೋಳಿಗೂಡಿನ ಮೇಲೆ ಎಸೆದರು.

ಹಬ್ಬ ಹತ್ತಿರವಾಯಿತು. ಅಟ್ಟದಲ್ಲಿ ಅವರ ತಾಯಿ ಹೆಣೆದುಕೊಟ್ಟಿದ್ದ ಹಳೆಯ ಮೊರವಿತ್ತು, ಅತ್ತೆಯ ಮೊದಲ ಬಾಗಿನದ್ದು. ಹೊಗೆ ಕುಡಿದು ಕಪ್ಪಾಗಿದ್ದರೂ ಹುಳ ಬಿದ್ದಿರಲಿಲ್ಲ. ಅದನ್ನು ಬಿಚ್ಚಿ, ನೆನೆಹಾಕಿ, ಆ ಸೀಳಿನಲ್ಲೇ ಎರಡು ಚಿಕ್ಕ ಮೊರ ಮಾಡುತ್ತೇನೆ ಅಂದರು. ಬೇಡ ಅತ್ತೆ ಅಂದೆ. ಕೇಳುವ ಜೀವವಲ್ಲ.

"ನಮ್ಮವ್ವನ್ ಕೈಯಿಂದೇ ಓಗ್ಲಿ ಬುಡು ಮಗ."

ಹಂಡೆಯ ನೀರಿನಲ್ಲಿ ನೆನೆದ ಸೀಳು ಮೆದುವಾದಂತೆ ಕಂಡಿತು. ಮೊದಲ ಮಡಿಕೆಯಲ್ಲೇ ಮುರಿಯಿತು. ಇನ್ನೊಂದು, ಮತ್ತೊಂದು... ಅತ್ತೆ ನಿಲ್ಲಿಸಲಿಲ್ಲ. ನಾನು ಎದುರಿಗೆ ಕೂತು ನೋಡಿದೆ, ಬೇರೇನು ಮಾಡಲಿ. ಮಧ್ಯಾಹ್ನದ ಹೊತ್ತಿಗೆ ಅವರ ಮಡಿಲ ತುಂಬ ತುಂಡುಗಳು. ಹೊಸ ಮೊರ ಆಗಲಿಲ್ಲ, ತಾಯಿಯ ಮೊರವೂ ಉಳಿಯಲಿಲ್ಲ.

ಬಾಗಿನ ಅಂಗಡಿಯ ಪ್ಲಾಸ್ಟಿಕ್ ಮೊರದಲ್ಲಿ ಹೋಯಿತು. ಹಬ್ಬದ ದಿನ ಮಗಳು ಫೋನು ಮಾಡಿದಾಗ ನಾನು ಅಲ್ಲೇ ಇದ್ದೆ. "ಬಂತು ಕಣವ್ವ, ಚೆನ್ನಾಗದೆ" ಅಂದಳು. ಅತ್ತೆ ಫೋನನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದರು. ಅಲ್ಲಿಂದಾಚೆಗೆ ಅವರು ಬಿದಿರು ಸೀಳುವ ಕತ್ತಿ ಹಿಡಿದದ್ದನ್ನು ನಾನು ಕಾಣಲಿಲ್ಲ. ಲಂಟಾನದ ಬುಟ್ಟಿಯನ್ನಾದರೂ ಮಾಡಿ ಅತ್ತೆ ಅಂದರೆ ನಕ್ಕುಬಿಡುತ್ತಿದ್ದರು. ಹೋದ ವರ್ಷ ತೀರಿಕೊಂಡರು. ನನಗೆ ಈಗಲೂ ಸಂಕಟವಾಗುತ್ತದೆ.

ಮೊನ್ನೆ ಪೆಂಡಾಲಿನವರು ಕೊಯ್ದು ಬಿಸಾಕಿದ ಒಂದು ತುಂಡನ್ನು ಎತ್ತಿಕೊಂಡು ಅತ್ತೆಯ ಹಾಗೆ ಗೆಣ್ಣಿನಿಂದ ತಟ್ಟಿದೆ. ಒಳ್ಳೆಯದೋ ಕೆಟ್ಟದ್ದೋ ನನಗೇನು ತಿಳಿಯುತ್ತದೆ. ಬಂಡಳ್ಳಿಯ ಆ ಮಗಳಿಗೆ ಈ ಸಲ ಬಾಗಿನ ಕಳಿಸುವವರು ಯಾರೂ ಇಲ್ಲ. ನಾನೇ ಕಳಿಸೋಣವೆಂದು ಅಂಗಡಿಬೀದಿಯೆಲ್ಲ ಸುತ್ತಿ, ಕೊನೆಗೆ ಪ್ಲಾಸ್ಟಿಕ್ಕಿನದೇ ಒಂದು ಜೋಡಿ ತಂದಿಟ್ಟಿದ್ದೇನೆ. ಅವಳು ಫೋನು ಮಾಡಿ ಚೆನ್ನಾಗದೆ ಅನ್ನುತ್ತಾಳೆ, ನನಗೆ ಗೊತ್ತು.