ಉಸಿರು ಕೇಳಿಸಿಕೊಂಡ ಚನ್ನಬಸಪ್ಪನವರು

ಹಾಡು ಕೇಳಲು ಕೂರುವ ಮೊದಲು ಚನ್ನಬಸಪ್ಪನವರು ಎದ್ದು ಹೋಗಿ ಫ್ಯಾನ್ ಆರಿಸುತ್ತಿದ್ದರು. ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಆಮೇಲೆ ಸ್ಪೀಕರಿನ ಸದ್ದನ್ನು ಎಷ್ಟು ಇಳಿಸುತ್ತಿದ್ದರೆಂದರೆ, ಪಕ್ಕದಲ್ಲಿ ಕೂತವರು ಅಲುಗಾಡದೆ ಇದ್ದರೆ ಮಾತ್ರ ಹಾಡು ಕಿವಿಗೆ ಬೀಳುತ್ತಿತ್ತು. “ಜೋರಾಗಿಟ್ರೆ ಎಲ್ಲಾ ಹಾಡೂ ಚೆನ್ನಾಗೇ ಇರುತ್ತೆ ಟೀಚರಮ್ಮ. ಮೆಲ್ಲಗಿಟ್ಟಾಗ್ಲೂ ಒಂದೊಂದ್ ಮಾತೂ ಅರ್ಥ ಆಗ್ಬೇಕು” ಅನ್ನುತ್ತಿದ್ದರು.

ಇದು ಎಪ್ಪತ್ತರ ದಶಕದ ಮಾತು. ನಾನು ರಾಜಾಜಿನಗರದ ಒಂದು ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಕುರುಬರಹಳ್ಳಿಯ ಬಾಡಿಗೆ ಮನೆಯಲ್ಲಿ ಅಮ್ಮ ಮತ್ತು ನಾನು, ಇಬ್ಬರೇ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ನಡೆದುಕೊಂಡೇ ಅವರ ರೆಕಾರ್ಡಿಂಗ್ ಸ್ಟುಡಿಯೋಗೆ ಹೋಗಿ ಭಕ್ತಿಗೀತೆ, ಲಾಲಿಹಾಡು ಹಾಡುತ್ತಿದ್ದೆ. ಸ್ಟುಡಿಯೋ ಎಂದರೆ ಒಂದು ಮನೆಯ ಹಿಂಭಾಗದ ಎರಡು ಕೋಣೆಗಳು. ಗೋಡೆಗೆಲ್ಲ ಗೋಣಿಚೀಲ ಮತ್ತು ತೆಂಗಿನ ನಾರಿನ ಚಾಪೆ ಹೊಡೆದಿದ್ದರು. ಹತ್ತಿರದ ಕಾರ್ಖಾನೆಯ ಸೈರನ್ ಕೂಗಿದರೆ ಎಲ್ಲರೂ ಸುಮ್ಮನೆ ಕೂತು ಅದು ನಿಲ್ಲುವುದನ್ನು ಕಾಯಬೇಕಿತ್ತು.

ಚನ್ನಬಸಪ್ಪನವರು ದಾವಣಗೆರೆ ಕಡೆಯವರು. ಹಣೆಯಲ್ಲಿ ವಿಭೂತಿ, ಅರ್ಧ ತೋಳಿನ ಬಿಳಿ ಅಂಗಿ. ಎಷ್ಟೋ ವರ್ಷ ಬೆಂಗಳೂರಿನಲ್ಲಿದ್ದು ಮಾತು ಇಲ್ಲಿಯದೇ ಆಗಿತ್ತು; ಸಿಟ್ಟು ಬಂದಾಗ ಮಾತ್ರ ಊರಿನ ಭಾಷೆ ಹೊರಬರುತ್ತಿತ್ತು. ಯಾರನ್ನೂ ಹೊಗಳುತ್ತಿರಲಿಲ್ಲ. ಹಾಡು ಚೆನ್ನಾಗಿ ಬಂದರೆ “ಹೂಂ, ಮುಂದಿಂದು” ಅನ್ನುವರು, ಅಷ್ಟೇ.

ಅವರ ಮೇಜಿನ ಮೇಲೆ ಅವರೇ ಕೈಯಾರೆ ಕಟ್ಟಿದ ಒಂದು ತಗಡಿನ ಪೆಟ್ಟಿಗೆ ಇತ್ತು. ಅದೇ ಅವರ ಕಂಪ್ರೆಸರ್. ಅದರೊಳಗೊಂದು ಪುಟ್ಟ ಬಲ್ಬು. ಹಾಡುವವರ ದನಿ ಏರಿದಂತೆ ಬಲ್ಬು ಬೆಳಗುತ್ತಿತ್ತು, ಬಲ್ಬು ಬೆಳಗಿದಷ್ಟೂ ದನಿಯ ಜೋರು ತಗ್ಗುತ್ತಿತ್ತು. ಹೀಗೆ ಎತ್ತರದ ದನಿಯನ್ನು ತಗ್ಗಿಸಿಕೊಂಡು, ಬಳಿಕ ಒಟ್ಟು ಸದ್ದನ್ನೇ ಒಂದಿಷ್ಟು ಏರಿಸಿದರೆ, ವಾದ್ಯಗಳ ಕೆಳಗೆ ಮುಳುಗಿಹೋಗುತ್ತಿದ್ದ ಮೆಲುದನಿಯ ಪದಗಳೂ ಮೇಲಕ್ಕೆ ಬರುತ್ತಿದ್ದವು. ಟೇಪಿನ ಒಂದು ಟ್ರ್ಯಾಕಿನಲ್ಲಿ ವಾದ್ಯ, ಇನ್ನೊಂದರಲ್ಲಿ ನನ್ನ ದನಿ. ಎರಡನ್ನೂ ಬೆರೆಸಿ ಒಂದು ಮಾಡುವಾಗ ಅವರು ಆ ಪೆಟ್ಟಿಗೆಯ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ ಕೇಳುವರು, ಮತ್ತೆ ತಿರುಗಿಸುವರು.

“ನಿಮ್ ಕ್ಲಾಸಲ್ಲಿ ಗಲಾಟೆ ಮಾಡೋ ಹುಡ್ಗನ್ನ ಕೂರಿಸ್ತೀರಲ್ಲ, ಹಂಗೆ ಇದು. ಅವನು ಕೂತ್ರೆ ಹಿಂದಿನ ಬೆಂಚಿನವಳು ಏನ್ ಹೇಳ್ತಾಳೆ ಕೇಳ್ಸುತ್ತೆ. ಅವನ ಬಾಯಿಗೆ ಬಟ್ಟೆ ತುರುಕಬಾರ್ದು ಅಷ್ಟೆ” ಎಂದು ಒಮ್ಮೆ ನನಗೆ ವಿವರಿಸಿದ್ದರು.

ನಮ್ಮ ಹಾಡುಗಳ ರೆಕಾರ್ಡು ಹೊರತರುತ್ತಿದ್ದವರು ನಂಜುಂಡಯ್ಯ. ಒಳ್ಳೆಯ ಮನುಷ್ಯರೇ, ಆದರೆ ಹಬ್ಬದ ಪೆಂಡಾಲಿನ ಮೈಕಿನಲ್ಲಿ ತಮ್ಮ ಹಾಡು ಮೂರು ಬೀದಿಗೆ ಕೇಳಬೇಕೆಂಬ ಹಟ ಅವರಿಗೆ. “ಇನ್ನೂ ತಿರುಗ್ಸಿ ಚನ್ನಬಸಪ್ಪ, ಇನ್ನೂ ಜೋರ್ ಬರ್ಲಿ” ಎಂದು ಒಂದು ದಿನ ಪೀಡಿಸಿದರು. ಚನ್ನಬಸಪ್ಪನವರು ತಿರುಪನ್ನು ಕೊನೆಯ ತನಕ ತಿರುಗಿಸಿ ಒಂದು ಸಲ ಬೆರೆಸಿದರು, ತಮಗೆ ಸರಿ ಕಂಡಂತೆ ಇನ್ನೊಂದು ಸಲ ಬೆರೆಸಿದರು. ಎರಡನ್ನೂ ಕೇಳಿಸಿದಾಗ ನಂಜುಂಡಯ್ಯನವರಿಗೂ ನನಗೂ ಜೋರಾಗಿದ್ದ ಮೊದಲನೆಯದೇ ಇಷ್ಟವಾಯಿತು. ಆಗ ಚನ್ನಬಸಪ್ಪನವರು ಎರಡರ ಸದ್ದನ್ನೂ ಒಂದೇ ಮಟ್ಟಕ್ಕೆ ತಂದು ಮತ್ತೆ ಕೇಳಿಸಿದರು. ಮೊದಲನೆಯದರಲ್ಲಿ ಮಗುವನ್ನು ಕರೆಯುವ ಸಾಲೂ ಬೈಯುವ ಸಾಲೂ ಒಂದೇ ಎತ್ತರದಲ್ಲಿದ್ದವು. ಹಾಡುತ್ತಿದ್ದವಳು ನಾನೇ ಎಂದು ನನಗೇ ಅನ್ನಿಸಲಿಲ್ಲ.

“ಹಂಗಲ್ರೀ ನಂಜುಂಡಯ್ಯನೋರೆ,” ಅಂದರು, ದಾವಣಗೆರೆ ಹೊರಬಂದಿತ್ತು, “ತಾಯಿ ಮೆಲ್ಲಕೆ ಅಂದದ್ದು ಮೆಲ್ಲಕೇ ಇರ್ಬೇಕ್ರೀ.” ನಂಜುಂಡಯ್ಯನವರು ಗೊಣಗುತ್ತಲೇ ಎರಡನೆಯದನ್ನು ಒಪ್ಪಿಕೊಂಡರು.

ಅದಾದ ಎಂಟು ತಿಂಗಳಿಗೆ ಮತ್ತೊಂದು ಲಾಲಿಹಾಡು. ಆ ಹೊತ್ತಿಗೆ ನನಗೆ ಸಂಜೆಯಾದರೆ ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು. ಸೀಮೆಸುಣ್ಣದ ಧೂಳು ಎಂದು ಅಮ್ಮನಿಗೆ ಹೇಳಿದ್ದೆ, ನನಗೂ ಹಾಗೆಯೇ ಹೇಳಿಕೊಂಡಿದ್ದೆ. ಹೇಗೋ ಹಾಡಿ ಮುಗಿಸಿದೆ. ಚನ್ನಬಸಪ್ಪನವರು ದನಿಯನ್ನು ಪೆಟ್ಟಿಗೆಯ ಮೂಲಕ ಹಾಯಿಸಿ ಕೇಳುತ್ತಾ ಕೂತವರು ಟೇಪು ನಿಲ್ಲಿಸಿದರು. ಹಿಂದಕ್ಕೆ ಸುತ್ತಿ ಮತ್ತೆ ಕೇಳಿದರು. ಆಮೇಲೆ ನಂಜುಂಡಯ್ಯನವರನ್ನು “ನೀವು ಕಾಫಿ ಕುಡ್ಕೊಂಡ್ ಬನ್ನಿ” ಎಂದು ಕಳಿಸಿದರು.

ನಾವಿಬ್ಬರೇ ಉಳಿದಾಗ ಕಪಾಟಿನಿಂದ ಹಳೆಯ ಲಾಲಿಯ ಟೇಪು ತೆಗೆದು ಹಾಕಿದರು.

“ಕೇಳಿ. ಆಗ ಒಂದು ಸಾಲಿಗೆ ಒಂದೇ ಉಸಿರು. ಈಗ ಮೂರು. ಮಧ್ಯದಲ್ಲಿ ಕೆಮ್ಮು ತಡ್ಕೊಂಡಿದೀರಿ. ಬರೀ ಕಿವಿಗೆ ಕೇಳ್ಸಲ್ಲ, ಈ ಪೆಟ್ಟಿಗೆ ಎತ್ತಿ ಕೊಡ್ತಾ ಇದೆ. ಎಷ್ಟ್ ದಿನದಿಂದ ಹಿಂಗೆ?”

“ನೆಗಡಿ ಸಾರ್” ಅಂದೆ.

“ನೆಗಡಿ ಅಲ್ಲಮ್ಮ. ಸೋಮವಾರವೇ ಡಾಕ್ಟರ್ ಹತ್ರ ಹೋಗಿ.”

“ಆ ಉಸಿರುಗಳನ್ನ ಬ್ಲೇಡಲ್ಲಿ ಕತ್ತರಿಸಿ ತೆಗೀಬಹುದಲ್ಲ ಸಾರ್? ಈ ಹಾಡೊಂದು ಹೊರಗ್ ಬರ್ಲಿ, ಆಮೇಲ್ ಹೋಗ್ತೀನಿ.”

“ಟೇಪಿಂದ ತೆಗೀತೀನಿ. ನಿಮ್ಮ ಎದೆಯಿಂದ ಹೆಂಗ್ ತೆಗೀಲಿ?”

ನನಗೆ ಸಿಟ್ಟು ಬಂತು. ಸಿಟ್ಟಿಗಿಂತ ಭಯ ಹೆಚ್ಚಾಗಿತ್ತು ಎಂದು ಈಗ ಗೊತ್ತಾಗುತ್ತದೆ. “ನನ್ನ ದನಿ ಬೇಡ ಅಂತ ನೇರವಾಗಿ ಹೇಳಿ” ಎಂದು ಚೀಲ ಎತ್ತಿಕೊಂಡು ಹೊರಟುಬಿಟ್ಟೆ. ಮರುವಾರವೇ ಆ ಹಾಡನ್ನು ಬೇರೆಯವರು ಬೇರೆ ಸ್ಟುಡಿಯೋದಲ್ಲಿ ಹಾಡಿದರೆಂದು ತಿಳಿಯಿತು. ಚನ್ನಬಸಪ್ಪನವರು ನನ್ನ ಕಾಯಿಲೆಯ ವಿಷಯವನ್ನು ನಂಜುಂಡಯ್ಯನವರ ಕಿವಿಗೆ ಹಾಕಿದ್ದಾರೆ ಎಂದೇ ನಂಬಿದೆ.

ಅಮ್ಮನ ಬಲವಂತಕ್ಕೆ ಎಕ್ಸ್‌ರೇ ತೆಗೆಸಿದಾಗ ಶ್ವಾಸಕೋಶದ ಸುತ್ತ ನೀರು ನಿಂತಿತ್ತು. ಕ್ಷಯ. ಇನ್ನೂ ಕೆಲವು ತಿಂಗಳು ಬಿಟ್ಟಿದ್ದರೆ ಕಷ್ಟವಾಗುತ್ತಿತ್ತು ಎಂದರು ಡಾಕ್ಟರು. ಆ ಕಾಲಕ್ಕೆ ಆ ಹೆಸರು ಹೊರಗೆ ಬಿದ್ದರೆ ಜನ ಮನೆಯ ಲೋಟದಲ್ಲಿ ನೀರು ಕುಡಿಯುತ್ತಿರಲಿಲ್ಲ, ಮಕ್ಕಳಿಗೆ ಪಾಠ ಹೇಳುವ ಕೆಲಸವಂತೂ ಉಳಿಯುವುದು ಕಷ್ಟವಿತ್ತು. ಶಾಲೆಗೆ ಬೇರೇನೋ ಕಾರಣ ಹೇಳಿ ರಜೆ ಹಾಕಿದೆ. ದಿನಾ ಇಂಜೆಕ್ಷನ್, ಹಿಡಿ ಮಾತ್ರೆ.

ಒಂದು ಭಾನುವಾರ ಬೆಳಿಗ್ಗೆ ಚನ್ನಬಸಪ್ಪನವರು ಮೂಸಂಬಿ ಹಿಡಿದು ನಮ್ಮ ಮನೆಗೆ ಬಂದರು. ನಾನು ಒಳಕೋಣೆಯಿಂದ ಎದ್ದು ಬರಲಿಲ್ಲ. ಅಮ್ಮ ಕರೆದಳು, ಗೋಡೆಗೆ ಮುಖ ಮಾಡಿ ಮಲಗಿದೆ.

“ಏಳಿಸ್ಬೇಡಿ ಅಮ್ಮ, ಮಲಗ್ಲಿ. ಮಾತಾಡಿದ್ರೆ ಆಯಾಸ” ಅಂದದ್ದು ಕೇಳಿಸಿತು. ಚಪ್ಪಲಿ ಮೆಟ್ಟಿಕೊಂಡು ಅವರು ಹೋದದ್ದೂ ಕೇಳಿಸಿತು.

ಗುಣವಾಗಲು ಒಂದೂವರೆ ವರ್ಷ ಹಿಡಿಯಿತು. ಶಾಲೆಗೆ ಮರಳಿದೆ. ಮೊದಲಿಗಿಂತ ತಗ್ಗಿದ ಶ್ರುತಿಯಲ್ಲಿ ಹಾಡಲು ಶುರುಮಾಡಿದೆ. ಧೈರ್ಯ ಮಾಡಿ ಅವಕಾಶ ಕೇಳಲು ವಿಜಯನಗರದಲ್ಲಿದ್ದ ನಂಜುಂಡಯ್ಯನವರ ಮನೆಗೆ ಹೋದೆ.

“ಬಾಮ್ಮ, ಬಾ. ಎಲ್ಲಿ ಮಾಯ ಆಗ್ಬಿಟ್ಟೆ? ಆವತ್ತು ಎಷ್ಟ್ ಚೆನ್ನಾಗ್ ಹಾಡಿದ್ದೆ, ಆ ಚನ್ನಬಸಪ್ಪ ಹಾಳು ಮಾಡಿದ. ಮೆಷಿನ್ ಕೈ ಕೊಡ್ತು, ಟೇಪ್ ಅಳಿಸ್ಹೋಯ್ತು, ತಪ್ಪು ನಂದೇ, ಟೀಚರಮ್ಮನೂ ಊರಿಗ್ ಹೋದ್ರು ಅಂದ. ಇವನ ಸಹವಾಸವೇ ಬೇಡ ಅಂತ ಅವತ್ತೇ ಬಿಟ್ಟೆ ಕಣಮ್ಮ. ನನ್ನ ನೋಡಿ ಉಳಿದೋರೂ ಬಿಟ್ರು.”

ಕೈಯಲ್ಲಿದ್ದ ಕಾಫಿಯನ್ನು ಕೆಳಗಿಟ್ಟೆ. ನನ್ನ ಕಾಯಿಲೆ ಹೊರಬೀಳದಂತೆ ಚನ್ನಬಸಪ್ಪನವರು ತಮ್ಮ ಇಪ್ಪತ್ತು ವರ್ಷದ ಹೆಸರನ್ನು ಅಡ್ಡ ಹಿಡಿದಿದ್ದರು. ಅಲ್ಲಿಂದ ನೇರವಾಗಿ ರಾಜಾಜಿನಗರಕ್ಕೆ ಬಂದೆ. ಸ್ಟುಡಿಯೋ ಇದ್ದ ಕೋಣೆಯಲ್ಲಿ ಹೊಲಿಗೆ ಯಂತ್ರಗಳು ಓಡುತ್ತಿದ್ದವು. ಗೋಡೆಯ ಗೋಣಿಚೀಲ ಕಿತ್ತಿದ್ದರು. ಚನ್ನಬಸಪ್ಪನವರು ಈಗ ದಾವಣಗೆರೆಯ ಮಗಳ ಮನೆಯಲ್ಲಿದ್ದಾರೆಂದು ಮನೆಯವರು ವಿಳಾಸ ಬರೆದುಕೊಟ್ಟರು.

ಕಾಗದದಲ್ಲಿ ಬರೆಯುವ ಮಾತಲ್ಲ ಅನ್ನಿಸಿತು. ದಸರಾ ರಜೆ ಬರಲಿ ಎಂದು ಕಾದೆ, ಬಸ್ಸು ಹತ್ತಿದೆ. ನಾನು ತಲುಪುವ ವೇಳೆಗೆ ಚನ್ನಬಸಪ್ಪನವರು ತೀರಿಕೊಂಡು ಮೂರು ವಾರವಾಗಿತ್ತು.

ಅವರ ಮಗಳು ನನ್ನದೇ ವಯಸ್ಸಿನವಳು. ಹೆಸರು ಹೇಳಿದ ಕೂಡಲೇ “ಓ, ಟೀಚರಮ್ಮ ಅಂದ್ರೆ ನೀವೇ ಏನ್ರೀ?” ಎಂದು ಕೈಹಿಡಿದು ಒಳಗೆ ಕರೆದಳು. ನಡೆದದ್ದನ್ನೆಲ್ಲ ಅವಳ ಮುಂದೆ ಹೇಳಿದೆ. ಅವಳಿಗೆ ಟೇಪಿನ ಸಂಗತಿ ಗೊತ್ತಿರಲಿಲ್ಲ.

“ಅಪ್ಪ ಅದೇನೂ ಹೇಳಿರ್ಲಿಲ್ರೀ,” ಎಂದಳು. “ನಿಮ್ಮ ತಾಯಿ ಬರೆದ ಕಾಗದ ಬಂದಾಗ ಮಾತ್ರ ಓದಿ ನಕ್ಕಿದ್ರು. ‘ಟೀಚರಮ್ಮ ಮತ್ತೆ ಶಾಲಿಗೆ ಹೋಗ್ತಿದಾರಂತೆ, ನನ್ ಮ್ಯಾಲಿನ ಸಿಟ್ಟು ಮಾತ್ರ ಇಳಿದಿಲ್ವಂತೆ’ ಅಂದ್ರು. ‘ನೀವಾದ್ರೂ ಅವರಿಗೆ ಒಂದು ಕಾಗದ ಹಾಕಿ’ ಅಂದೆ. ‘ಯಾಕೆ ಬಿಡವ್ವ, ಸಿಟ್ಟು ಮಾಡೋಷ್ಟು ಉಸಿರು ಬಂದೈತಲ್ಲ, ಸಾಕು’ ಅಂದ್ರು.”

ಅಮ್ಮ ಅವರಿಗೆ ಕಾಗದ ಬರೆದಿದ್ದಳೆಂದು ನನಗೆ ತಿಳಿದದ್ದೇ ಆಗ.