ಎಣ್ಣೆ ತುಟ್ಟಿಯಾದೀತೇ ಎಂದು ಕೇಳಿದವರು

ಮಾತಿಗೆ ಮೊದಲು ಬಲಗೈಯ ಎರಡು ಬೆರಳು ಮೇಲೆತ್ತಿ, ಬಾಯಿ ಅರ್ಧ ತೆರೆದು, ಹಾಗೆಯೇ ನಿಂತುಬಿಡುತ್ತಿದ್ದರು ಅರ್ಥಶಾಸ್ತ್ರದ ಮಾಸ್ತರರು. ಏನೋ ದೊಡ್ಡ ಮಾತು ಬರುತ್ತದೆಂದು ಎದುರಿನವರು ಕಾಯಬೇಕು. ಬಹಳ ಸಲ ಬೆರಳು ಇಳಿಯುತ್ತಿತ್ತು, ಮಾತು ಬರುತ್ತಿರಲಿಲ್ಲ. "ಇಲ್ಲ ಬಿಡ್ರಿ, ಅದು ಹಂಗೂ ಇರಲಿಕ್ಕಿಲ್ಲ" ಎಂದು ಆರಿದ ಚಹಾ ಕುಡಿಯುತ್ತಿದ್ದರು.

ಎಪ್ಪತ್ತರ ದಶಕದ ಆ ವರ್ಷಗಳಲ್ಲಿ ಸಿಂದಗಿಯ ಕಾಲೇಜಿನಲ್ಲಿ ಅವರು ಅರ್ಥಶಾಸ್ತ್ರ ಕಲಿಸುತ್ತಿದ್ದರು, ನಾನು ಇತಿಹಾಸ. ಒಂದೇ ವಾಡೆಯಲ್ಲಿ ಎದುರುಬದುರಾಗಿ ನಮ್ಮ ಬಾಡಿಗೆ ಖೋಲಿಗಳು. ಅವರು ಇಂಡಿ ಕಡೆಯ ಹಳ್ಳಿಯವರು. ಮನೆಯಲ್ಲಿ ಜೋಳ, ಶೇಂಗಾ ಬೆಳೆಯುತ್ತಿದ್ದರು.

ಆಗ ಎಲ್ಲದರ ಬೆಲೆಯೂ ಏರುತ್ತಿತ್ತು. ನೋಟು ಹೆಚ್ಚಾದರೆ ಬೆಲೆ ಏರುತ್ತದೆ ಎಂದು ಪುಸ್ತಕ ಹೇಳುತ್ತಿತ್ತು, ಅವರೂ ತರಗತಿಯಲ್ಲಿ ಅದನ್ನೇ ಹೇಳುತ್ತಿದ್ದರು. ಆದರೆ ಖೋಲಿಗೆ ಬಂದೊಡನೆ ಸಂಶಯ ಶುರು. "ನೋಟು ಕೈಗೆ ಬರೂಕಿಂತ ಮೊದಲ ರೇಟು ಮಂದಿ ಮನಸ್ಸಿನ್ಯಾಗ ಏರಿರತೈತೇನ್ರಿ?" ನನಗೇನು ಗೊತ್ತು! ಸುಮ್ಮನೆ ತಲೆಯಾಡಿಸುತ್ತಿದ್ದೆ.

ಸಂಶಯ ತೀರಿಸಿಕೊಳ್ಳಲು ಅವರು ಸಂತೆಗೆ ಹೋಗತೊಡಗಿದರು. ಕಂಡಕಂಡವರನ್ನು ನಿಲ್ಲಿಸಿ, "ಮುಂದಿನ ತಿಂಗಳ ಶೇಂಗಾ ಎಣ್ಣಿ ತುಟ್ಟಿ ಆದೀತೇನ್ರಿ?" ಎಂದು ಕೇಳುವುದು. ಒಬ್ಬ ರೈತ ಇವರನ್ನು ಮೇಲಿಂದ ಕೆಳಗೆ ನೋಡಿ, "ನಿಮಗೇನ ಅನಸ್ತೈತಿ ಹೇಳ್ರಿ, ನನಗೂ ಅದ ಅನಸಲಿ" ಎಂದ. ಆ ಉತ್ತರ ಅವರ ನಿದ್ದೆ ಕೆಡಿಸಿತು.

ವಾಡೆಯ ಮೂಲೆಯ ಮನೆಯಲ್ಲಿ ಟೇಲರ್ ಒಬ್ಬನ ಹೆಂಡತಿ ಇದ್ದಳು. ನಾವೆಲ್ಲ ಚಾಚಿ ಎನ್ನುತ್ತಿದ್ದೆವು. ಮಗಳ ಮದುವೆ ಹತ್ತಿರವಿತ್ತು. ಒಂದು ಮುಂಜಾನೆ ಮಾಸ್ತರರ ಖೋಲಿಗೆ ಬಂದು, "ಸರ, ಶಾದಿ ಎಣ್ಣಿ ಈಗ ತಗೊಳ್ಳಲ್ಯೊ, ತಡೀಲ್ಯೊ?" ಎಂದಳು. ಬೆರಳು ಮೇಲೆದ್ದವು. ಆ ಸಲ ಮಾತೂ ಬಂತು. "ತಡೀರಿ ಚಾಚಿ. ಹೊಸಾ ಶೇಂಗಾ ಬರತೈತಿ, ಇಳದ ಇಳೀತೈತಿ."

ಇಳಿಯಲಿಲ್ಲ. ಕಾಲೇಜಿನ ಮಾಸ್ತರರು ಎಣ್ಣೆಯ ಬಗ್ಗೆ ವಿಚಾರಿಸುತ್ತಿದ್ದಾರೆ, ಕಲಿತವರು ಸುಮ್ಮನೆ ಕೇಳುತ್ತಾರೆಯೇ, ಏನೋ ಇದೆ ಎಂಬ ಸುದ್ದಿ ಊರಲ್ಲಿ ಹಬ್ಬಿತು. ಮುಂದಿನ ಸಂತೆಯ ಹೊತ್ತಿಗೆ ಕಿರಾಣಿ ಅಂಗಡಿಗಳ ಮುಂದೆ ಹೆಂಗಸರು ಡಬ್ಬಿ ಹಿಡಿದು ಸಾಲುಗಟ್ಟಿದ್ದರು. ಬೆಲೆ ಏರಿತು. ಮಾಸ್ತರರು ಗಾಬರಿಯಾಗಿ ಬಸ್ ಸ್ಟ್ಯಾಂಡಿಗೆ ಓಡಿ, ಚಹಾದಂಗಡಿಯ ಬೆಂಚಿನ ಮೇಲೆ ನಿಂತು ಕೂಗಿದರು: "ಎಣ್ಣಿಗೇನೂ ಕಡಿಮಿ ಇಲ್ರಿ! ಯಾರೂ ಗಾಬರಿ ಆಗಬ್ಯಾಡ್ರಿ!"

ಗದ್ದಲ ನಿಂತಿತು. ರುಮಾಲಿನ ಮುದುಕನೊಬ್ಬ ಮೆಲ್ಲಗೆ ಕೇಳಿದ: "ಕಡಿಮಿ ಇಲ್ಲ ಅಂದ್ರ, ಅದನ್ನ ಹೇಳಾಕ ನೀವ್ಯಾಕ ಬಂದ್ರಿ?"

ಯಾರೂ ನಗಲಿಲ್ಲ. ಸಂಜೆಗೆ ಅಂಗಡಿಗಳಲ್ಲಿ ಎಣ್ಣೆಯೇ ಇಲ್ಲ.

ಪ್ರಿನ್ಸಿಪಾಲರು ಕರೆಸಿ, ಪ್ರಶ್ನೆ ಕೇಳುವುದಿದ್ದರೆ ತರಗತಿಯೊಳಗೆ ಕೇಳಿ ಎಂದರು. ಅತ್ತ ವಿಜಾಪುರದಲ್ಲೂ ಸೊಲ್ಲಾಪುರದಲ್ಲೂ ಎಣ್ಣೆ ಏರಿದೆ ಎಂದು ಬಸ್ಸಿನವರು ಹೇಳುತ್ತಿದ್ದರು. ಹಾಗಾದರೆ ಇವರ ತಪ್ಪೇನು? ನಾನು ಅದನ್ನೇ ಹೇಳಿ ಸಮಾಧಾನ ಮಾಡಲು ನೋಡಿದೆ.

"ನಾ ಕೇಳಿದ್ದಕ್ಕ ಏರಿತೊ, ಏರೂದಿತ್ತು ಅಂತ ನಾ ಕೇಳಿದ್ನೊ?" ಎಂದರು.

"ಏರೂದಿತ್ರಿ."

"ಎರಡೂ ಖರೆ ಇದ್ರ?"

ಅವರು ಊಟ ಬಿಟ್ಟು ಕಟ್ಟೆಯ ಮೇಲೆ ಕುಳಿತರು.

ಮದುವೆಗೆ ವಾರವಿರುವಾಗ ಚಾಚಿ ಮತ್ತೆ ಬಂದಳು. ಜಗಳಕ್ಕಲ್ಲ. ಅಷ್ಟೇ ನಂಬಿಕೆಯಿಂದ ಕೇಳಿದಳು: "ಸರ, ಇನ್ನೂ ತಡೀಲ್ಯಾ?"

ಮಾಸ್ತರರ ಮುಖ ಕಪ್ಪಿಟ್ಟಿತು. ಮರುದಿನವೇ ರಜೆ ಹಾಕಿ ಊರಿಗೆ ಹೋದರು. ಮನೆಯ ಶೇಂಗಾ ಗಾಣಕ್ಕೆ ಹಾಕಿಸಿ, ಎಣ್ಣೆಯ ದೊಡ್ಡ ಡಬ್ಬಿಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದರು. ಚಾಚಿ ಡಬ್ಬಿಯ ಮುಚ್ಚಳ ತೆಗೆದು ವಾಸನೆ ನೋಡಿ, "ಭಾಳ ಛಲೋ ಐತ್ರಿ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಮದುವೆ ಚೆನ್ನಾಗಿಯೇ ಆಯಿತು. ಆದರೆ ಅಷ್ಟರಲ್ಲಿ ಊರಲ್ಲಿ ಇನ್ನೊಂದು ಸುದ್ದಿ: "ಗಾಬರಿ ಆಗಬ್ಯಾಡ್ರಿ ಅಂದ ಮಾಸ್ತರ ತಾನ ಡಬ್ಬಿ ತಂದು ಇಟಗೊಂಡಾನ!" ಎಣ್ಣೆ ಇನ್ನಷ್ಟು ಏರಿತು. ಕೆಲವು ದಿನಗಳ ಮೇಲೆ, ಯಾರೂ ಏನೂ ಹೇಳದೆ, ತಾನಾಗಿಯೇ ಇಳಿಯಿತು. ಏರಿದಾಗ ಒಂದು ಕಾರಣವಾದರೂ ಸಿಕ್ಕಿತ್ತು, ಇಳಿದದ್ದಕ್ಕೆ ಅದೂ ಇಲ್ಲ. ಅವರು ಇನ್ನಷ್ಟು ಗೊಂದಲಕ್ಕೆ ಬಿದ್ದರು.

ಮರುವರ್ಷ ಸಂಶೋಧನೆಗೆಂದು ಪುಣೆಗೆ ಹೋದವರು ತಿರುಗಿ ಸಿಂದಗಿಗೆ ಕೆಲಸಕ್ಕೆ ಬರಲಿಲ್ಲ. ದೊಡ್ಡ ಊರುಗಳಲ್ಲಿ ಪ್ರೊಫೆಸರ್ ಆದರು. ಹಣದ ನೀತಿ, ಬಡ್ಡಿಯ ದರ, ಅದರ ಬಗ್ಗೆ ಜನ ಏನು ಅಂದುಕೊಳ್ಳುತ್ತಾರೆ ಎಂಬುದರ ಮೇಲೆ ಬರೆದರು; ಬ್ಯಾಂಕಿನ ದೊಡ್ಡವರು ಕರೆದು ಕೇಳುವ ಮಟ್ಟಕ್ಕೆ ಬೆಳೆದರು. ನನಗೆ ಕಳಿಸಿದ ಲೇಖನಗಳಲ್ಲಿ ಎರಡನೆಯ ಪುಟ ದಾಟಲು ನನ್ನಿಂದಾಗಲಿಲ್ಲ. ಒಮ್ಮೆ ಚಾಚಿಯನ್ನು ನೋಡಲು ಬಂದಾಗ ಆಕೆ ಕೇಳಿದಳು, "ಈಗ ಏನ್ ಕೆಲಸ ಮಾಡ್ತೀರಿ ಸರ?"

"ಮಂದಿ ಏನ್ ಅನ್ಕೋತಾರ ಅನ್ನೂದನ್ನ ಓದತೇನ್ರಿ."

"ಅದಕ್ಕೂ ಪಗಾರ ಕೊಡ್ತಾರ?"

ಅವರು ಅಷ್ಟು ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ.

ಆ ಸಂಜೆ ಬಸ್ಸಿಗೆ ಕಾಯುತ್ತ ಕೇಳಿಯೇಬಿಟ್ಟೆ: "ಖರೆ ಹೇಳ್ರಿ, ಅವತ್ತು ಎಣ್ಣಿ ಏರಿದ್ದು ನಿಮ್ಮಿಂದ?"

"ಇಷ್ಟು ವರ್ಷ ಅದನ್ನ ಹುಡುಕಾಕತ್ತೇನ್ರಿ. ಗೊತ್ತಾಗವಲ್ದು. ಗೊತ್ತಾಗಲಿಲ್ಲ ಅಂತ ಬರದ್ರ ಯಾರೂ ಛಾಪಸೂದಿಲ್ಲ, ಅದಕ್ಕ ಬ್ಯಾರೆ ಏನೇನೋ ಬರದೆ."

ಆ ಚಳಿಗಾಲದಲ್ಲೇ ಹೃದಯ ನಿಂತು ತೀರಿಕೊಂಡರು. ನಿವೃತ್ತಿಗೆ ಇನ್ನೂ ವರ್ಷಗಳಿದ್ದವು.

ಸುದ್ದಿ ಬಂದ ಮರುದಿನ ತರಗತಿಯಲ್ಲಿ ಒಂದು ಸಾಮ್ರಾಜ್ಯದ ಪತನದ ಪಾಠವಿತ್ತು. ವರ್ಷವರ್ಷವೂ ಬರೆಸುತ್ತಿದ್ದ ಕಾರಣಗಳನ್ನು ಹಲಗೆಯ ಮೇಲೆ ಬರೆದೆ. ಬರೆದು ತಿರುಗಿ ನೋಡಿದರೆ ಒಂದರ ಮೇಲೂ ನಂಬಿಕೆ ಬರಲಿಲ್ಲ. "ಇವೇ ಇರಬಹುದು, ಇಲ್ಲದೆಯೂ ಇರಬಹುದು. ನನಗೆ ಗೊತ್ತಿಲ್ಲ" ಎಂದೆ. ಕಲಿಸಲು ಶುರು ಮಾಡಿದ ಮೇಲೆ ಹಾಗೆ ಹೇಳಿದ್ದು ಅದೇ ಮೊದಲು.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಹಂಗಾದ್ರ ಪರೀಕ್ಷೆದಾಗ ಏನ್ ಬರೀಬೇಕ್ರಿ ಸರ?"

ಸೀಮೆಸುಣ್ಣ ಕೈಯಲ್ಲಿತ್ತು. ಗಂಟೆ ಬಾರಿಸುವವರೆಗೂ ಮಾಸ್ತರರಂತೆ ಎರಡು ಬೆರಳು ಮೇಲೆತ್ತಿ ಹಾಗೆಯೇ ನಿಂತಿದ್ದೆ.